ತಲೆಯೊಳಗಿನ ಹುಣ್ಣಿಗೆ ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಬೇಡ, ನಿಜ. ಆದರೆ ತಲೆಯೊಳಗಿನ ಹುಣ್ಣಿಗೆ ಕನ್ನಡಿ ಬೇಕೇ ಬೇಕು. ಆ ಕನ್ನಡಿಯನ್ನು ತಯಾರಿಸಲು ವೈದ್ಯರಿಗೂ ವಿಜ್ಞಾನಿಗಳಿಗೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಇನ್ನೂ ಅದು ಪೂರ್ತಿ ಸಿದ್ಧವಾಗಿಲ್ಲ.

ಗಲ್ಫ್‌ನ ಆಸ್ಪತ್ರೆಗಳಲ್ಲಿ ಔಷಧದ ಕೌಂಟರಿನ ಹಿಂದೆ ನಿಲ್ಲುವ ನಮಗೆ ಒಂದು ಮಾತು ಬಹಳ ಪರಿಚಿತ. ಸೈಟಿನಲ್ಲಿ ಬಿದ್ದವರು, ಡೆಲಿವರಿ ಬೈಕಿನಿಂದ ಉರುಳಿದವರು, ಗೋದಾಮಿನಲ್ಲಿ ಮೇಲಿನಿಂದ ಪೆಟ್ಟಿಗೆ ಬಿದ್ದವರು ಔಷಧದ ಚೀಟಿ ಹಿಡಿದು ಬಂದು ಹೇಳುತ್ತಾರೆ: "ಸ್ಕ್ಯಾನ್ ನಾರ್ಮಲ್ ಅಂದ್ರು. ನಾಳೆಯಿಂದ ಡ್ಯೂಟಿ." ಎರಡು ವಾರದ ಬಳಿಕ ಅದೇ ಮನುಷ್ಯ ಮತ್ತೆ ಪ್ಯಾನಡಾಲ್ ಕೇಳಿಕೊಂಡು ಬರುತ್ತಾನೆ. ತಲೆ ಭಾರ, ನಿದ್ದೆ ಇಲ್ಲ, ಸದ್ದು ಸಹಿಸಲಾಗುವುದಿಲ್ಲ, ಹೇಳಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಸ್ಕ್ಯಾನ್ ನಾರ್ಮಲ್ ಆದ ಮೇಲೆ ಇದೆಲ್ಲ ಎಲ್ಲಿಂದ ಬಂತು ಎಂದು ಫೋರ್‌ಮನ್ ಕೇಳುತ್ತಾನೆ. ಕೊನೆಗೆ ಆ ಮನುಷ್ಯನಿಗೇ ತನ್ನ ಮೇಲೆ ಅನುಮಾನ ಶುರುವಾಗುತ್ತದೆ.

ನಾವು ಡಿಪ್ಲೊಮಾ ಓದಿದ ಫಾರ್ಮಸಿಸ್ಟರು, ನರರೋಗ ತಜ್ಞರಲ್ಲ. ಆದರೂ ಈ ಪ್ರಶ್ನೆಯ ಇತಿಹಾಸ ನಮ್ಮಂಥ ದುಡಿಯುವವರಿಗೆ ಸೇರಿದ್ದು ಎಂದುಕೊಂಡು ಇಲ್ಲಿ ಬರೆಯುತ್ತಿದ್ದೇವೆ. ಏಕೆಂದರೆ ಫೋರ್‌ಮನ್ನನ ಈ ಪ್ರಶ್ನೆ ಹೊಸದಲ್ಲ. ಅದಕ್ಕೆ ನೂರೈವತ್ತು ವರ್ಷ ದಾಟಿದೆ.

ರೈಲು ತಂದ ಜಗಳ

ಕಥೆ ಶುರುವಾಗುವುದು ಇಂಗ್ಲೆಂಡಿನ ರೈಲುಗಳಿಂದ. 19ನೇ ಶತಮಾನದ ನಡುವಿನಲ್ಲಿ ಅಲ್ಲಿ ರೈಲು ಹಳಿಗಳು ಊರೂರಿಗೂ ಹಬ್ಬಿದವು, ಅಪಘಾತಗಳೂ ಹೆಚ್ಚಿದವು. ಡಿಕ್ಕಿಯಾದ ರೈಲಿನಿಂದ ಕೆಲವರು ಒಂದು ಗೀರೂ ಇಲ್ಲದೆ ಇಳಿದು ಮನೆಗೆ ನಡೆದುಹೋಗುತ್ತಿದ್ದರು. ಕೆಲವು ದಿನ ಕಳೆದ ಮೇಲೆ ತಲೆನೋವು, ಮರೆವು, ನಿದ್ರಾಹೀನತೆ, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಇವೆಲ್ಲ ಕಾಣಿಸಿಕೊಳ್ಳುತ್ತಿದ್ದವು. ಅವರು ಪರಿಹಾರ ಕೇಳಿ ಕೋರ್ಟಿಗೆ ಹೋದರು.

1866ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸನ್ ಇಂಥ ರೋಗಿಗಳ ಬಗ್ಗೆ ಉಪನ್ಯಾಸಗಳನ್ನು ಪ್ರಕಟಿಸಿದರು. ಡಿಕ್ಕಿಯ ಅದಿರಾಟ ನರಮಂಡಲಕ್ಕೆ ಹಾನಿ ಮಾಡುತ್ತದೆ, ಅದು ಮುಖ್ಯವಾಗಿ ಬೆನ್ನುಹುರಿಯಲ್ಲಿದೆ ಎಂಬುದು ಅವರ ವಾದ. ಜನ ಇದನ್ನು 'ರೈಲ್ವೆ ಸ್ಪೈನ್' ಎಂದು ಕರೆದರು. ಹಾನಿ ಕಣ್ಣಿಗೆ ಏಕೆ ಕಾಣುವುದಿಲ್ಲ ಎಂದು ಕೇಳಿದವರಿಗೆ ಎರಿಕ್ಸನ್ ಒಂದು ಹೋಲಿಕೆ ಕೊಟ್ಟರು. ಕುದುರೆ ಲಾಳದ ಆಕಾರದ ಅಯಸ್ಕಾಂತವನ್ನು ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಅದರ ಆಕಾರ ಹಾಗೆಯೇ ಉಳಿಯುತ್ತದೆ, ಆಕರ್ಷಣ ಶಕ್ತಿ ಮಾತ್ರ ಹೋಗಿಬಿಡುತ್ತದೆ. ಮುಂದೊಂದು ದಿನ ಅಯಸ್ಕಾಂತವೇ ಈ ಹಾನಿಯನ್ನು ತೋರಿಸಲಿದೆ ಎಂದು ಅವರಿಗೆ ತಿಳಿದಿರಲು ಸಾಧ್ಯವಿರಲಿಲ್ಲ.

1883ರಲ್ಲಿ ಹರ್ಬರ್ಟ್ ಪೇಜ್ ಎಂಬ ಇನ್ನೊಬ್ಬ ಶಸ್ತ್ರವೈದ್ಯರು ಇದಕ್ಕೆ ಉತ್ತರ ಬರೆದರು. ಇವರಲ್ಲಿ ಬಹಳ ಮಂದಿಗೆ ಆಗಿರುವುದು ಭಯದ ಆಘಾತ, ದೇಹಕ್ಕೆ ಏನೂ ಆಗಿಲ್ಲ ಎಂದರು. ಪೇಜ್ ಒಂದು ದೊಡ್ಡ ರೈಲ್ವೆ ಕಂಪನಿಗೆ ವೈದ್ಯರಾಗಿದ್ದವರು ಎಂಬುದನ್ನು ಇಲ್ಲಿ ನೆನಪಿಡಬೇಕು. ಹಾಗೆಂದು ಅವರು ಹೇಳಿದ್ದೆಲ್ಲ ಸುಳ್ಳಲ್ಲ. ಭಯವೂ ಮನುಷ್ಯನನ್ನು ಕಾಯಿಲೆ ಬೀಳಿಸುತ್ತದೆ. ಆದರೆ ಅಂದಿನಿಂದ ಈ ವಿಷಯದ ಜೊತೆಗೆ ದುಡ್ಡಿನ ಲೆಕ್ಕ ಸೇರಿಕೊಂಡಿತು. ಗಾಯ ಕಂಡರೆ ಪರಿಹಾರ, ಕಾಣದಿದ್ದರೆ ನಟನೆ ಎಂಬ ರೂಢಿ ಬೆಳೆಯಿತು. 1889ರಲ್ಲಿ ಬರ್ಲಿನ್‌ನ ಹರ್ಮನ್ ಒಪ್ಪೆನ್‌ಹೈಮ್ ಇವರ ನರಮಂಡಲದಲ್ಲಿ ಸೂಕ್ಷ್ಮ ಬದಲಾವಣೆ ಆಗಿದೆ ಎಂದು ವಾದಿಸಿದರೆ, ಪ್ಯಾರಿಸ್ಸಿನ ಹೆಸರಾಂತ ವೈದ್ಯ ಶಾರ್ಕೊ ಇದು ಹಿಸ್ಟೀರಿಯಾ ಎಂದರು. ಯಾರ ಬಳಿಯೂ ತೋರಿಸಲು ಚಿತ್ರವಿರಲಿಲ್ಲ.

ಯುದ್ಧದ ಕಂದಕದಲ್ಲಿ

ಮೊದಲ ಮಹಾಯುದ್ಧದಲ್ಲಿ ಅದೇ ಜಗಳ ದೊಡ್ಡ ಪ್ರಮಾಣದಲ್ಲಿ ಮರಳಿ ಬಂತು. ಫಿರಂಗಿ ಗುಂಡು ಹತ್ತಿರದಲ್ಲಿ ಸಿಡಿದು, ಮೈಮೇಲೆ ಗಾಯವೇ ಇಲ್ಲದ ಸೈನಿಕರು ನಡುಗುತ್ತ, ಮರೆವಿನಲ್ಲಿ, ಕೆಲವೊಮ್ಮೆ ಮಾತೇ ಇಲ್ಲದೆ ಆಸ್ಪತ್ರೆಗೆ ಬಂದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು 'ಶೆಲ್ ಶಾಕ್' ಎಂದು ಬರೆದರು. ಸ್ಫೋಟದಲ್ಲಿ ಸತ್ತವರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಫ್ರೆಡರಿಕ್ ಮಾಟ್ ಅವರಿಗೆ ಸಣ್ಣಸಣ್ಣ ರಕ್ತಸ್ರಾವದ ಚುಕ್ಕೆಗಳು ಕಂಡವು. ಆದರೆ ಶೆಲ್ ಶಾಕ್ ಎನಿಸಿಕೊಂಡವರಲ್ಲಿ ಸ್ಫೋಟದ ಹತ್ತಿರವೂ ಹೋಗದವರಿದ್ದರು. ಆದ್ದರಿಂದ ಅದನ್ನು ಮನಸ್ಸಿನ ಕಾಯಿಲೆ ಎಂದೇ ಎಣಿಸುವವರ ಕೈ ಮೇಲಾಯಿತು. ಮೆದುಳಿಗೆ ಪೆಟ್ಟು ಬಿದ್ದವರು, ಮನಸ್ಸಿಗೆ ಪೆಟ್ಟು ಬಿದ್ದವರು, ಎರಡೂ ಆದವರು ಎಲ್ಲರೂ ಒಂದೇ ಹೆಸರಿನಡಿ ಬಿದ್ದರು. ಅವರನ್ನು ಬೇರ್ಪಡಿಸುವ ಸಾಧನ ಆಗ ಇರಲಿಲ್ಲ.

ಎಕ್ಸ್‌-ರೇ ಇತ್ತಲ್ಲ ಎಂದು ಕೇಳಬಹುದು. ಇತ್ತು. ಜರ್ಮನಿಯ ರಂಟ್‌ಗನ್ 1895ರಲ್ಲೇ ಅದನ್ನು ಕಂಡುಹಿಡಿದಿದ್ದರು. ಆದರೆ ತಲೆಯ ಎಕ್ಸ್‌-ರೇಯಲ್ಲಿ ಕಾಣುವುದು ಬುರುಡೆ. ತೆಂಗಿನಕಾಯಿಯ ಚಿಪ್ಪು ನೋಡಿ ಒಳಗಿನ ತಿರುಳು ಹೇಗಿದೆ ಎಂದು ಹೇಳಿದ ಹಾಗೆ ಅದು. 1918-19ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಮೆದುಳಿನ ಒಳಗಿನ ನೀರಿನ ಕೋಣೆಗಳಿಗೆ ಗಾಳಿ ತುಂಬಿಸಿ ಎಕ್ಸ್‌-ರೇ ತೆಗೆಯುವ ದಾರಿ ತೋರಿಸಿದರು. ರೋಗಿಗೆ ವಿಪರೀತ ತಲೆನೋವು, ವಾಂತಿ ತರುವ ಪರೀಕ್ಷೆ ಅದು. 1927ರಲ್ಲಿ ಲಿಸ್ಬನ್‌ನ ಎಗಾಸ್ ಮೊನಿಸ್ ಮೆದುಳಿನ ರಕ್ತನಾಳಗಳಿಗೆ ದ್ರಾವಣ ಬಿಟ್ಟು ಅವುಗಳ ಚಿತ್ರ ತೆಗೆದರು. ಗಡ್ಡೆಯೋ ದೊಡ್ಡ ರಕ್ತಸ್ರಾವವೋ ಇದ್ದರೆ ನಾಳಗಳು ಪಕ್ಕಕ್ಕೆ ಸರಿದಿರುವುದು ತಿಳಿಯುತ್ತಿತ್ತು. ಸಣ್ಣ ಪೆಟ್ಟಿನ ಗುರುತು ಇವೆರಡಕ್ಕೂ ಸಿಗುವಂಥದ್ದಾಗಿರಲಿಲ್ಲ.

ಅದಿರಿದ ಮೆದುಳಿನಲ್ಲಿ ಆಗುವುದೇನು?

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟವರಲ್ಲಿ ಒಬ್ಬರು ವೈದ್ಯರೇ ಅಲ್ಲ, ಭೌತಶಾಸ್ತ್ರ ಬಲ್ಲವರು. ಆಕ್ಸ್‌ಫರ್ಡಿನ ಹಾಲ್ಬರ್ನ್ 1943ರಲ್ಲಿ ಜೆಲಾಟಿನ್‌ನಿಂದ ಮೆದುಳಿನ ಮಾದರಿ ಮಾಡಿ ಅದನ್ನು ಗಕ್ಕನೆ ತಿರುಗಿಸಿ ನೋಡಿದರು. ನಮ್ಮೂರಿನ ಹಾಲುಬಾಯಿಯನ್ನು ನೆನಪಿಸಿಕೊಳ್ಳಿ. ತಟ್ಟೆಯನ್ನು ಒಮ್ಮೆಲೇ ತಿರುಗಿಸಿ ನಿಲ್ಲಿಸಿದರೆ ತಟ್ಟೆ ನಿಂತರೂ ಹಾಲುಬಾಯಿ ಒಳಗೊಳಗೇ ಎಳೆದಾಡುತ್ತದೆ. ಬುರುಡೆ ಒಡೆಯದೆಯೂ ಮೆದುಳು ಹಾಗೆಯೇ ಎಳೆದಾಡುತ್ತದೆ, ನರತಂತುಗಳು ಜಗ್ಗುತ್ತವೆ ಎಂದು ಅವರು ತೋರಿಸಿದರು. 1956ರಲ್ಲಿ ಸಬೀನಾ ಸ್ಟ್ರಿಚ್ ತೀವ್ರ ಪೆಟ್ಟು ಬಿದ್ದು ಕೆಲವು ತಿಂಗಳ ನಂತರ ಸತ್ತವರ ಮೆದುಳಿನಲ್ಲಿ ಇಂಥ ತಂತುಗಳು ಎಲ್ಲೆಡೆ ನಾಶವಾಗಿರುವುದನ್ನು ಕಂಡರು. 1968ರಲ್ಲಿ ಒಪ್ಪೆನ್‌ಹೈಮರ್ ಎಂಬ ರೋಗಶಾಸ್ತ್ರಜ್ಞರು ಸಣ್ಣ ಪೆಟ್ಟು ಬಿದ್ದು, ಬೇರೆ ಕಾರಣದಿಂದ ಸತ್ತವರಲ್ಲೂ ಸೂಕ್ಷ್ಮ ಹಾನಿ ಇರಬಹುದೆಂದು ವರದಿ ಮಾಡಿದರು.

ಆದರೆ ಬದುಕಿರುವ ರೋಗಿಯ ಮೆದುಳನ್ನು ಕತ್ತರಿಸಿ ನೋಡಲಾಗುವುದಿಲ್ಲ. ಹಾಗಾಗಿ ಆಸ್ಪತ್ರೆಯಲ್ಲೂ ಕೋರ್ಟಿನಲ್ಲೂ ಹಳೆಯ ಜಗಳ ಮುಂದುವರಿಯಿತು. 1961ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ನರರೋಗ ತಜ್ಞ ಹೆನ್ರಿ ಮಿಲ್ಲರ್ 'ಆಕ್ಸಿಡೆಂಟ್ ನ್ಯೂರೋಸಿಸ್' ಎಂಬ ಪ್ರಸಿದ್ಧ ಉಪನ್ಯಾಸಗಳಲ್ಲಿ, ಪೆಟ್ಟು ಚಿಕ್ಕದಾದಷ್ಟೂ ದೂರು ದೊಡ್ಡದು, ಪರಿಹಾರದ ಹಣ ಕೈಸೇರಿದರೆ ಕಾಯಿಲೆ ಬಿಡುತ್ತದೆ ಎಂಬ ಅರ್ಥದ ವಾದ ಮಂಡಿಸಿದರು. ವಿಮಾ ಕಂಪನಿಗಳಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕಿರಲಿಲ್ಲ. ಮರುವರ್ಷವೇ, 1962ರಲ್ಲಿ, ಚಾರ್ಲ್ಸ್ ಸೈಮಂಡ್ಸ್ ಎಂಬ ಇನ್ನೊಬ್ಬ ಹಿರಿಯ ತಜ್ಞರು ಅದಕ್ಕೆ ವಿರುದ್ಧವಾದ ಪ್ರಶ್ನೆ ಎತ್ತಿದರು: ಎಷ್ಟೇ ಸಣ್ಣ ಪೆಟ್ಟಾದರೂ ಮೆದುಳು ಪೂರ್ತಿಯಾಗಿ ಮೊದಲಿನಂತೆ ಆಗುತ್ತದೆ ಎಂದು ಹೇಳುವುದು ಹೇಗೆ? ನಂತರದ ವರ್ಷಗಳಲ್ಲಿ ಇತರ ವೈದ್ಯರು ಪರಿಹಾರ ಪಡೆದವರನ್ನು ಹಿಂಬಾಲಿಸಿ ನೋಡಿದಾಗ, ಹಣ ಬಂದ ಮೇಲೂ ಗುಣವಾಗದವರು, ಕೆಲಸಕ್ಕೆ ಮರಳದವರು ಬಹಳ ಮಂದಿ ಸಿಕ್ಕರು.

ಡಿಪ್ಲೊಮಾ ಓದಿದವರ ಯಂತ್ರ

ಇಷ್ಟು ಹೊತ್ತಿಗೆ ಇಎಂಐ ಎಂಬ ಬ್ರಿಟಿಷ್ ಕಂಪನಿಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಒಂದು ಯಂತ್ರದ ಬೆನ್ನು ಹತ್ತಿದ್ದರು. ಅವರಿಗೆ ಪಿಎಚ್‌ಡಿ ಇರಲಿಲ್ಲ. ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ. ನಮ್ಮಂಥ ಡಿಪ್ಲೊಮಾದವರಿಗೆ ಇದನ್ನು ಓದಿದಾಗ ಎದೆ ಉಬ್ಬದೆ ಇರದು. ತಲೆಯ ಸುತ್ತ ಬೇರೆಬೇರೆ ಕೋನಗಳಿಂದ ಕಿರಣ ಹಾಯಿಸಿ, ಎಷ್ಟು ಹೊರಬಂತು ಎಂಬ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟರೆ ಒಳಗಿನ ಚಿತ್ರ ಬಿಡಿಸಬಹುದು ಎಂಬುದು ಅವರ ಯೋಚನೆ. ಪ್ರಯೋಗಶಾಲೆಯಲ್ಲಿ ಮೊದಲ ಚಿತ್ರದ ಮಾಹಿತಿ ಸಂಗ್ರಹಿಸಲು 9 ದಿನ ಹಿಡಿದಿತ್ತು. ಮುಂದೆ ಅದು 9 ಗಂಟೆಗೆ, ಆಮೇಲೆ ಕೆಲವೇ ನಿಮಿಷಗಳಿಗೆ ಇಳಿಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ತಲೆಯ ಸಿಟಿ ಸ್ಕ್ಯಾನ್ ನಡೆಯಿತು. 1979ರಲ್ಲಿ ಅಲನ್ ಕಾರ್ಮಾಕ್ ಜೊತೆಗೆ ಹೌನ್ಸ್‌ಫೀಲ್ಡ್ ಅವರಿಗೆ ನೊಬೆಲ್ ಬಂತು.

ತಲೆಗೆ ಪೆಟ್ಟು ಬಿದ್ದವರಿಗೆ ಸಿಟಿ ಸ್ಕ್ಯಾನ್ ನಿಜಕ್ಕೂ ಜೀವದಾನ. ತಾಜಾ ರಕ್ತ ಅದರಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಬುರುಡೆಯ ಬಿರುಕು, ಮೆದುಳನ್ನು ಒತ್ತುತ್ತಿರುವ ರಕ್ತ, ಊತ ಎಲ್ಲವೂ ನಿಮಿಷಗಳಲ್ಲಿ ತಿಳಿಯುತ್ತದೆ. ಮೊದಲು ಊಹೆಯ ಮೇಲೆ ಬುರುಡೆಗೆ ತೂತು ಕೊರೆಯಬೇಕಿದ್ದ ಶಸ್ತ್ರವೈದ್ಯರಿಗೆ ಎಲ್ಲಿ ಕೊರೆಯಬೇಕು, ಕೊರೆಯಬೇಕೇ ಬೇಡವೇ ಎಂಬುದು ಗೊತ್ತಾಗತೊಡಗಿತು. ಇದೇ ಹೊತ್ತಿಗೆ, 1974ರಲ್ಲಿ, ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಪ್ರಜ್ಞೆಯ ಮಟ್ಟ ಅಳೆಯುವ ಪಟ್ಟಿ ಮಾಡಿದರು; ಇಂದು ಅದರ ಅಂಕ 3ರಿಂದ 15ರವರೆಗೆ. 13ರಿಂದ 15 ಅಂಕ, ಪ್ರಜ್ಞೆ ತಪ್ಪಿದ್ದರೂ ಅರ್ಧ ಗಂಟೆ ಮೀರಿರಬಾರದು, ಆ ಹೊತ್ತಿನ ಮರೆವು 24 ಗಂಟೆ ದಾಟಿರಬಾರದು: ಇಂಥದ್ದನ್ನು ಇಂದು 'ಮೈಲ್ಡ್' ಎನ್ನುತ್ತಾರೆ. ಈ ಹೆಸರು ಹೇಳುವುದು ಆ ಹೊತ್ತಿನ ಸ್ಥಿತಿಯನ್ನು. ಮುಂದೆ ಬರುವ ತೊಂದರೆ ಎಷ್ಟು ದೊಡ್ಡದೆಂದು ಅದು ಹೇಳುವುದಿಲ್ಲ.

ನಮ್ಮ ಕಥೆಯ ಗಂಟು ಇರುವುದು ಇಲ್ಲೇ. ಸಿಟಿ ಸ್ಕ್ಯಾನ್ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಈ ಮನುಷ್ಯನ ತಲೆಯಲ್ಲಿ ಈಗಲೇ ಆಪರೇಷನ್ ಅಥವಾ ನಿಗಾ ಬೇಕಾದಂಥ ರಕ್ತಸ್ರಾವವೋ ಊತವೋ ಇದೆಯೇ? ಜಗ್ಗಿದ ನರತಂತುಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ಕುರುಡು. 'ನಾರ್ಮಲ್' ಎಂದರೆ ಆ ಒಂದು ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದಿದೆ ಎಂದರ್ಥ. ಡಾಕ್ಟರು ಹೇಳಿದ್ದು ಸರಿಯಾಗಿಯೇ ಇರುತ್ತದೆ. ಅದು ಫೋರ್‌ಮನ್ನನ ಕಿವಿಗೆ ಬೀಳುವ ಹೊತ್ತಿಗೆ 'ಏನೂ ಆಗಿಲ್ಲ' ಎಂದಾಗಿರುತ್ತದೆ.

ಅಯಸ್ಕಾಂತದ ಕಣ್ಣು

1980ರ ದಶಕದಲ್ಲಿ ಎಂಆರ್‌ಐ ಆಸ್ಪತ್ರೆಗಳಿಗೆ ಬಂತು. ಇದರಲ್ಲಿ ಎಕ್ಸ್‌-ರೇ ಇಲ್ಲ. ದೊಡ್ಡ ಅಯಸ್ಕಾಂತದೊಳಗೆ ದೇಹದ ನೀರಿನ ಹೈಡ್ರೋಜನ್ ಕಣಗಳನ್ನು ರೇಡಿಯೋ ಅಲೆಗಳಿಂದ ತಟ್ಟಿ, ಅವು ಕೊಡುವ ಸದ್ದನ್ನು ಚಿತ್ರವಾಗಿಸುತ್ತದೆ. 1986ರಲ್ಲಿ ಗ್ಲಾಸ್ಗೋದ ತಂಡವೊಂದು, ತಲೆಗೆ ಪೆಟ್ಟಾದವರಲ್ಲಿ ಸಿಟಿಗೆ ಕಾಣದ ಗಾಯಗಳು ಎಂಆರ್‌ಐಗೆ ಕಾಣುತ್ತವೆ ಎಂದು 'ಲ್ಯಾನ್ಸೆಟ್'ನಲ್ಲಿ ತೋರಿಸಿತು. ಸೂಕ್ಷ್ಮದರ್ಶಕದ ಕಡೆಯಿಂದಲೂ ಬಲವಾದ ಸಾಕ್ಷಿ ಬಂತು. 1994ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನ ಬ್ಲೂಮ್‌ಬರ್ಗ್ಸ್ ಮತ್ತು ಸಂಗಡಿಗರು, ಸಣ್ಣ ಪೆಟ್ಟಿನ ನಂತರ ಬೇರೆ ಕಾರಣಗಳಿಂದ ಸತ್ತ 5 ಜನರ ಮೆದುಳನ್ನು ಹೊಸ ಬಣ್ಣಗಾರಿಕೆಯಲ್ಲಿ ಪರೀಕ್ಷಿಸಿದರು. ಐವರಲ್ಲೂ ನರತಂತುಗಳಿಗೆ ಹಾನಿಯಾಗಿತ್ತು.

ಅದೇ ಹೊತ್ತಿನಲ್ಲಿ ಎಂಆರ್‌ಐನ ಒಂದು ಹೊಸ ವಿದ್ಯೆ ಹುಟ್ಟಿತು. ಅದರ ಹೆಸರು ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್, ಚಿಕ್ಕದಾಗಿ ಡಿಟಿಐ. ಅಡಿಕೆ ತೋಟದ ಕಾಲುವೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬದು ಗಟ್ಟಿಯಿದ್ದರೆ ನೀರು ಕಾಲುವೆಯ ಗುಂಟ ಹೋಗುತ್ತದೆ, ಒಡೆದರೆ ಸುತ್ತ ಹರಡುತ್ತದೆ. ನರತಂತುಗಳ ಒಳಗೂ ಪಕ್ಕದಲ್ಲೂ ನೀರಿನ ಕಣಗಳು ತಂತುವಿನ ಉದ್ದಕ್ಕೆ ಸರಾಗವಾಗಿ, ಅಡ್ಡಕ್ಕೆ ಕಷ್ಟದಿಂದ ಚಲಿಸುತ್ತವೆ. ಆ ಚಲನೆಯನ್ನು ಅಳೆದು ತಂತು ಹೇಗಿದೆ ಎಂದು ಡಿಟಿಐ ಅಂದಾಜು ಮಾಡುತ್ತದೆ. 2002ರಲ್ಲಿ ಅಮೆರಿಕದ ಅರ್ಫನಾಕಿಸ್ ಮತ್ತು ಸಂಗಡಿಗರು, ಸಣ್ಣ ಪೆಟ್ಟಾಗಿ 24 ಗಂಟೆಯೊಳಗಿನ 5 ರೋಗಿಗಳಲ್ಲಿ ಈ ನೀರಿನ ದಾರಿ ಕೆಲವೆಡೆ ಬದಲಾಗಿರುವುದನ್ನು ಕಂಡರು.

ಇನ್ನೊಂದು ದಾರಿ ಮೆದುಳು ಕೆಲಸ ಮಾಡುವಾಗಲೇ ನೋಡುವ ಫಂಕ್ಷನಲ್ ಎಂಆರ್‌ಐ. 1999ರಲ್ಲಿ ಮೆಕಾಲಿಸ್ಟರ್ ಎಂಬವರ ತಂಡ, ಪೆಟ್ಟಾಗಿ ಒಂದು ತಿಂಗಳೊಳಗಿನ 12 ಜನರಿಗೆ ಸ್ಕ್ಯಾನರಿನೊಳಗೆ ನೆನಪಿನ ಪರೀಕ್ಷೆ ಕೊಟ್ಟಿತು. ಅಂಕದಲ್ಲಿ ಅವರಿಗೂ ಪೆಟ್ಟಾಗದವರಿಗೂ ವ್ಯತ್ಯಾಸವಿರಲಿಲ್ಲ. ಆದರೆ ಲೆಕ್ಕ ಸ್ವಲ್ಪ ಕಠಿಣವಾದೊಡನೆ ಪೆಟ್ಟಾದವರ ಮೆದುಳಿನಲ್ಲಿ ಹೆಚ್ಚು ಭಾಗ ಕೆಲಸಕ್ಕೆ ಇಳಿಯುತ್ತಿತ್ತು. ಒಬ್ಬ ಹೊರುತ್ತಿದ್ದ ಸಿಮೆಂಟ್ ಮೂಟೆಗೆ ಇಬ್ಬರು ಕೈಹಚ್ಚಿದಂತೆ. ಮೂಟೆ ಮೇಲಕ್ಕೆ ಹೋಗುತ್ತದೆ, ಹೊರಗಿನವರಿಗೆ ಕೆಲಸ ಆಗಿದ್ದೇ ಕಾಣುತ್ತದೆ. "ಕೆಲಸ ಮಾಡ್ತೀನಿ, ಆದ್ರೆ ಮಧ್ಯಾಹ್ನದೊಳಗೆ ತಲೆ ಸೋತುಹೋಗತ್ತೆ" ಎಂದು ಕೌಂಟರಿನಲ್ಲಿ ಕೇಳುವ ಮಾತು ಈ ಅಧ್ಯಯನ ಓದಿದ ಮೇಲೆ ನಮಗೆ ಬೇರೆಯಾಗಿ ಕೇಳಿಸುತ್ತದೆ.

ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳು ಶೆಲ್ ಶಾಕ್‌ನ ಪ್ರಶ್ನೆಯನ್ನು ಮತ್ತೆ ಎತ್ತಿದವು. ಸ್ಫೋಟಕ್ಕೆ ಸಿಕ್ಕಿ ಸಣ್ಣ ಪೆಟ್ಟಾದ 63 ಅಮೆರಿಕನ್ ಸೈನಿಕರನ್ನು ಜರ್ಮನಿಯ ಲ್ಯಾಂಡ್‌ಸ್ಟೂಲ್ ಸೇನಾ ಆಸ್ಪತ್ರೆಯಲ್ಲಿ ಡಿಟಿಐಗೆ ಒಳಪಡಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅವರಲ್ಲಿ 18 ಜನರಲ್ಲಿ ಪೆಟ್ಟಿಗೆ ಹೊಂದುವ ಬದಲಾವಣೆ ಸ್ಪಷ್ಟವಾಗಿ ಸಿಕ್ಕಿತು. 2013ರಲ್ಲಿ ಅಮೆರಿಕದ ಟ್ರ್ಯಾಕ್-ಟಿಬಿಐ ಎಂಬ ಅಧ್ಯಯನದವರು ಸಾಮಾನ್ಯ ಜನರ ಲೆಕ್ಕ ಕೊಟ್ಟರು. ಸಣ್ಣ ಪೆಟ್ಟಾಗಿ, ಸಿಟಿ ಸ್ಕ್ಯಾನ್ ನಾರ್ಮಲ್ ಬಂದವರಲ್ಲಿ ಸುಮಾರು ಶೇ. 27 ಜನರ ಎಂಆರ್‌ಐಯಲ್ಲಿ ಗಾಯದ ಗುರುತಿತ್ತು. ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು.

ಕನ್ನಡಿಯ ಮಿತಿ

ಹಾಗಾದರೆ ಎಲ್ಲರೂ ಎಂಆರ್‌ಐ ಮಾಡಿಸಿಕೊಳ್ಳಬೇಕೇ? ಬೇಡ. ಇದನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ. ಡಿಟಿಐ ಸಂಶೋಧನೆಗಳಲ್ಲಿ ಹೆಚ್ಚಿನವು ಒಂದು ಗುಂಪನ್ನು ಇನ್ನೊಂದು ಗುಂಪಿನೊಡನೆ ಹೋಲಿಸಿದವು. ಒಬ್ಬ ವ್ಯಕ್ತಿಯ ಚಿತ್ರ ಹಿಡಿದು 'ನಿನ್ನ ತಲೆನೋವು ಇದರಿಂದಲೇ' ಎಂದು ಖಚಿತವಾಗಿ ಹೇಳುವಷ್ಟು ಅದು ಇನ್ನೂ ಪಳಗಿಲ್ಲ. ವಯಸ್ಸು, ಬಿಪಿ, ಕುಡಿತ ಇವೂ ಆ ಅಳತೆಯನ್ನು ಬದಲಿಸುತ್ತವೆ. ಲ್ಯಾಂಡ್‌ಸ್ಟೂಲ್‌ನ 63ರಲ್ಲಿ 45 ಜನರ ಚಿತ್ರ ಏನನ್ನೂ ಸ್ಪಷ್ಟವಾಗಿ ಹೇಳಲಿಲ್ಲ, ಆದರೆ ಅವರಿಗೂ ಪೆಟ್ಟು ಬಿದ್ದದ್ದು ನಿಜ. ಚಿತ್ರದಲ್ಲಿ ಗುರುತಿದ್ದೂ ಚೆನ್ನಾಗಿರುವವರು ಇದ್ದಾರೆ. ಗುರುತಿಲ್ಲದೆ ನರಳುವವರೂ ಇದ್ದಾರೆ. ಆದ್ದರಿಂದ ಇಂದಿಗೂ ವೈದ್ಯರು ರೋಗ ನಿರ್ಧರಿಸುವುದು ಮುಖ್ಯವಾಗಿ ಏನಾಯಿತು, ಹೇಗಾಯಿತು, ಈಗ ಏನಾಗುತ್ತಿದೆ ಎಂದು ಕೇಳಿಯೇ.

ಇನ್ನೂ ಒಂದು ಸಮಾಧಾನದ ಮಾತು. ಸಣ್ಣ ಪೆಟ್ಟಾದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಭಯ ಬೇಡ. ಆ ಕೆಲವು ವಾರಗಳನ್ನು ಅವರಿಗೆ ಕೊಡಬೇಕು, ಅಷ್ಟೇ.

ನಮ್ಮವರಿಗೆ ನಾಲ್ಕು ಮಾತು

ಗಲ್ಫ್‌ನಲ್ಲಿ ಎತ್ತರದಿಂದ ಬೀಳುವುದು ಕಾರ್ಮಿಕರ ದೊಡ್ಡ ಅಪಾಯಗಳಲ್ಲಿ ಒಂದು. ಕತಾರ್‌ನ ಹಮದ್ ಆಸ್ಪತ್ರೆಯ ಟ್ರಾಮಾ ವಿಭಾಗದವರು ಇದನ್ನೇ ವಿಷಯವಾಗಿಟ್ಟು ಅಧ್ಯಯನ ಪ್ರಕಟಿಸಿದ್ದಾರೆ. ಹಾಗಾಗಿ ಈ ಇತಿಹಾಸದಿಂದ ನಾವು ಕೈಗೆ ತೆಗೆದುಕೊಳ್ಳಬೇಕಾದದ್ದು ಇಷ್ಟು.

ತಲೆಗೆ ಪೆಟ್ಟು ಬಿದ್ದ ದಿನವೇ ಅದನ್ನು ಸೈಟಿನ ಸೇಫ್ಟಿಯವರಿಗೆ ತಿಳಿಸಿ, ಬರಹದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಆಸ್ಪತ್ರೆಯ ಚೀಟಿಯನ್ನು, ರಿಪೋರ್ಟನ್ನು ಫೋಟೋ ತೆಗೆದಿಡಿ. ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಏನು ನೆನಪಿಲ್ಲ ಎಂಬುದನ್ನು ಪಕ್ಕದಲ್ಲಿದ್ದವರಿಂದ ಕೇಳಿ ಬರೆದಿಟ್ಟುಕೊಳ್ಳಿ. ಚಿತ್ರ ತೋರಿಸದ ಗಾಯಕ್ಕೆ ಈ ಬರಹವೇ ಸಾಕ್ಷಿ. ಊರಿಗೆ ಹೋಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿದರೂ ಅಲ್ಲಿ ಮೊದಲು ಕೇಳುವುದು ಇದನ್ನೇ.

ಎರಡು ಸಲ ಅಥವಾ ಹೆಚ್ಚು ವಾಂತಿ, ಏರುತ್ತ ಹೋಗುವ ತಲೆನೋವು, ತೂಕಡಿಕೆ, ಮಾತು ತೊದಲುವುದು, ಕೈಕಾಲು ಸೋಲುವುದು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ನೀರು ಇಲ್ಲವೇ ರಕ್ತ ಬರುವುದು: ಇವುಗಳಲ್ಲಿ ಯಾವುದೇ ಒಂದು ಕಂಡರೂ ಕೂಡಲೇ ಎಮರ್ಜೆನ್ಸಿಗೆ ಹೋಗಿ. ಮೊದಲ ಸ್ಕ್ಯಾನ್ ನಾರ್ಮಲ್ ಇದ್ದರೂ ಹೋಗಿ. ವಾರ್ಫರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಪೆಟ್ಟು ಚಿಕ್ಕದೆಂದು ರೂಮಿನಲ್ಲಿ ಮಲಗಬಾರದು. ಬೇಸಿಗೆಯಲ್ಲಿ ತಲೆ ತಿರುಗಿದರೆ ಎಲ್ಲರೂ ಬಿಸಿಲನ್ನೇ ದೂರುತ್ತಾರೆ. ಹಿಂದಿನ ದಿನ ತಲೆಗೆ ಪೆಟ್ಟು ಬಿದ್ದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಔಷಧದ ವಿಷಯ ನಮ್ಮದೇ. ಮೊದಲ ದಿನಗಳ ನೋವಿಗೆ ಪ್ಯಾನಡಾಲ್ ಸಾಕು, ಅದೂ ಹೇಳಿದ ಪ್ರಮಾಣದಲ್ಲಿ. ಡಾಕ್ಟರು ಹೇಳದೆ ಆಸ್ಪಿರಿನ್, ಬ್ರೂಫೆನ್, ವೋಲ್ಟರೆನ್ ಬೇಡ, ಅವು ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ನಿದ್ದೆ ಮಾತ್ರೆ, ಮದ್ಯ ಬೇಡ, ಅಪಾಯದ ತೂಕಡಿಕೆಯನ್ನು ಅವು ಮರೆಮಾಚುತ್ತವೆ. ಯಾರೋ ಊರಿನಿಂದ ತಂದ ಟ್ರಮಡಾಲ್ ಅಂತೂ ಬೇಡವೇ ಬೇಡ. ಅದರಿಂದ ಫಿಟ್ಸ್ ಬರಬಹುದು, ಇಲ್ಲಿನ ಕಾನೂನಿನ ತೊಂದರೆ ಬೇರೆ. ಪ್ಯಾನಡಾಲ್ ಕೂಡ ತಿಂಗಳಲ್ಲಿ 15 ದಿನಕ್ಕಿಂತ ಹೆಚ್ಚು, ತಿಂಗಳುಗಟ್ಟಲೆ ತಿಂದರೆ ಮಾತ್ರೆಯೇ ತಲೆನೋವು ತರುತ್ತದೆ. ಅಷ್ಟು ದಿನ ಬೇಕಾಗುತ್ತಿದ್ದರೆ ಔಷಧದ ಅಂಗಡಿ ಬಿಟ್ಟು ಡಾಕ್ಟರ ಬಳಿ ಹೋಗುವ ಕಾಲ ಬಂದಿದೆ ಎಂದು ತಿಳಿಯಿರಿ.

ಹಿಂದೆ ಇಂಥವರನ್ನು ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುತ್ತಿದ್ದರು. ಈಗಿನ ಸಲಹೆ ಬೇರೆ. ಒಂದೆರಡು ದಿನ ವಿಶ್ರಾಂತಿ, ನಂತರ ಮೆಲ್ಲನೆ ನಡಿಗೆ, ಹಗುರ ಕೆಲಸ, ಆಮೇಲೆ ಪೂರ್ತಿ ಕೆಲಸ. ತಲೆ ತಿರುಗುವುದು ನಿಲ್ಲುವವರೆಗೆ ಸ್ಕ್ಯಾಫೋಲ್ಡಿಂಗ್ ಹತ್ತುವುದು, ವಾಹನ ಓಡಿಸುವುದು, ಕ್ರೇನ್ ಮುಟ್ಟುವುದು ಬೇಡ. ಸಿಕ್ ಲೀವ್ ಬರೆಯುವ ಡಾಕ್ಟರಿಗೆ ನಿಮ್ಮ ಕೆಲಸ ಯಾವುದು ಎಂದು ಬಿಡಿಸಿ ಹೇಳಿ. ಆಫೀಸಿನಲ್ಲಿ ಕೂರುವವರಿಗೂ ಹತ್ತನೇ ಮಹಡಿಯಲ್ಲಿ ಕಬ್ಬಿಣ ಕಟ್ಟುವವರಿಗೂ ಒಂದೇ ರಜೆ ಸಾಲದು.

ಕ್ಯಾಂಪಿನ ರೂಮಿನಲ್ಲಿ ಪಕ್ಕದ ಮಂಚದವನು ಸ್ಕ್ಯಾನ್ ನಾರ್ಮಲ್ ಬಂದ ಮೇಲೂ ತಲೆ ಸರಿಯಿಲ್ಲ ಎಂದರೆ ಅವನನ್ನು ನಂಬಿ. ಲೈಟ್ ಆರಿಸಿ, ಟಿವಿಯ ಸದ್ದು ತಗ್ಗಿಸಿ, ಮೊದಲ ರಾತ್ರಿ ಒಂದೆರಡು ಸಲ ಅವನ ಕಡೆ ನೋಡಿ. ಬೆಳಿಗ್ಗೆ ಫೋರ್‌ಮನ್ ಬಂದಾಗ ಅವನ ಪರವಾಗಿ ನೀವೊಂದು ಮಾತು ಹೇಳಿ.